ಆಗ್ನೇಯ ಪದವೀಧರ ಕ್ಷೇತ್ರ: ಸುಧಾರಣೆಯ ಮಾತಾಡುವ ಪಕ್ಷೇತರರ ಪರ ಕೆಲಸ ಮಾಡಬೇಕು, ಎಲ್ಲಿಂದ ಶುರು?

ಶೆಟ್ಟಿಹಳ್ಳಿ ಗೇಟ್ (ತುಮಕೂರು), ಅಕ್ಟೋಬರ್ 18, 2025

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಪದವೀಧರರು ಮಾತ್ರ ಮತ ಹಾಕುವ, ವಿಧಾನ ಪರಿಷತ್ತಿನ ಆಗ್ನೇಯ ಪದವೀಧರ ಕ್ಷೇತ್ರಕ್ಕೆ ಚುನಾವಣೆ. ಟಿಕೆಟ್‌ಗೆ ಈಗಲೇ ಜಗ್ಗಾಟ ನಡೆದಿದೆ. ನಾವು ಒಂದಿಪ್ಪತ್ತು ಜನ ಬೆಂಬಲಿಸಬೇಕು ಅಂದುಕೊಂಡವರಿಗೆ ಪಕ್ಷದ ಟಿಕೆಟ್ ಸಿಗುವ ಲಕ್ಷಣ ಇಲ್ಲ. ಸಿಗದಿದ್ದರೆ ಪಕ್ಷೇತರರಾಗಿ ನಿಲ್ಲುತ್ತಾರೆ. ಅವರು ಹೇಳುತ್ತಿರುವುದು ಮೂರು ಮಾತು: ನೇಮಕಾತಿ ಪರೀಕ್ಷೆಗಳಿಗೆ ಮೊದಲೇ ಗೊತ್ತಾದ ವೇಳಾಪಟ್ಟಿ ಬೇಕು ಮತ್ತು ಕನ್ನಡ ಪ್ರಶ್ನೆಪತ್ರಿಕೆ ಸರಿ ಇರಬೇಕು, ಅತಿಥಿ ಉಪನ್ಯಾಸಕರ ಸಂಬಳ ತಿಂಗಳು ತಿಂಗಳು ಆಗಬೇಕು, ಶಾಸಕರ ನಿಧಿಯ ಖರ್ಚು ಕಾಮಗಾರಿವಾರು ಜನರ ಮುಂದೆ ಇರಬೇಕು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು 2024ರಲ್ಲಿ ಅನುವಾದದ ತಪ್ಪಿನಿಂದ ಎರಡನೇ ಸಲ ನಡೆಸಬೇಕಾಯಿತಲ್ಲ, ಆಮೇಲಿಂದ ಈ ಮೊದಲನೇ ಮಾತಿಗೆ ನಮ್ಮ ಹುಡುಗರು ತುಂಬ ಕಿವಿಗೊಡುತ್ತಿದ್ದಾರೆ.

ನಮ್ಮಲ್ಲಿ ಹಣ ಇಲ್ಲ, ಓಡಾಡುವವರಿದ್ದಾರೆ. ಪಾಂಪ್ಲೆಟ್ ಹಂಚಬೇಕಾ, ಸಭೆ ಮಾಡಬೇಕಾ, ಹೆಸರು ಸೇರಿಸಬೇಕಾ? ಈ ಪ್ರಾಶಸ್ತ್ಯ ಮತದಲ್ಲಿ (ಹೆಸರುಗಳ ಮುಂದೆ ಇಷ್ಟದ ಕ್ರಮದಲ್ಲಿ 1, 2, 3 ಬರೆಯುವುದು) ಎರಡು, ಮೂರು ಅಂತ ಬರೆಯುವುದರಿಂದ ನಮ್ಮವರಿಗೆ ಲಾಭವಾ ನಷ್ಟವಾ? ಹಿಂದೆ ಈ ಚುನಾವಣೆಯಲ್ಲಿ ಕೆಲಸ ಮಾಡಿದವರು ಬಿಡಿಸಿ ಹೇಳಿ.

ಕೋಟೆ ಬೀದಿ (ಸಿರಾ), ಅಕ್ಟೋಬರ್ 18

ಪಾಂಪ್ಲೆಟ್ ಬದಿಗಿಡಿ, ಅದಕ್ಕಿನ್ನೂ ತಿಂಗಳುಗಟ್ಟಲೆ ಸಮಯ ಇದೆ. ನವೆಂಬರ್ 6ರವರೆಗೆ ನಿಮ್ಮ ಇಪ್ಪತ್ತು ಜನರಿಗೆ ಒಂದೇ ಕೆಲಸ, ಫಾರಂ 18, ಅಂದರೆ ಪದವೀಧರರ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ.

ವಿಧಾನಸಭೆಯ ಮತದಾರರ ಪಟ್ಟಿಯಂತೆ ಇಲ್ಲಿನ ಪಟ್ಟಿ ಚುನಾವಣೆಯಿಂದ ಚುನಾವಣೆಗೆ ಮುಂದುವರಿಯುವುದಿಲ್ಲ. ಪ್ರತಿ ಸಲ ಹೊಸದಾಗಿ ಬರೆಯುತ್ತಾರೆ. 2020ರ ಅಕ್ಟೋಬರ್ 28ರಂದು ಮತ ಹಾಕಿದವರ ಹೆಸರೂ ಈಗ ಇಲ್ಲ. "ನಂದು ಹೋದ ಸಲಾನೇ ಸೇರಿದೆ ಬಿಡಿ" ಅನ್ನುವ ಮೇಷ್ಟ್ರು, ವಕೀಲರು, ಬ್ಯಾಂಕಿನವರು ಬೇಕಾದಷ್ಟು ಜನ ಸಿಗುತ್ತಾರೆ. ಮೊದಲು ಹಿಡಿಯಬೇಕಾದವರು ಅವರೇ. ಮತ ಹಾಕುವ ಅಭ್ಯಾಸ ಇರುವವರು, ಮತದ ದಿನ ಹೆಸರಿಲ್ಲ ಅಂತ ವಾಪಸ್ ಹೋಗುವವರೂ ಅವರೇ. ದೊಡ್ಡ ಪಕ್ಷಗಳು ತಮಗೆ ಬೇಕಾದವರನ್ನು ಹುಡುಕಿ ಸೇರಿಸಿಕೊಳ್ಳುತ್ತವೆ. ಪಟ್ಟಿಯಲ್ಲಿ ನಿಮ್ಮವರಿಲ್ಲದಿದ್ದರೆ ಆಮೇಲೆ ಎಷ್ಟು ಒಳ್ಳೆಯ ಭಾಷಣ ಮಾಡಿದರೂ ಅದನ್ನು ಕೇಳುವವರು ಇನ್ನೊಬ್ಬರ ಮತದಾರರು.

ಅರ್ಹತೆ ಹೀಗಿದೆ. ಅರ್ಹತಾ ದಿನ 2025ರ ನವೆಂಬರ್ 1. ಅದಕ್ಕೆ ಕನಿಷ್ಠ ಮೂರು ವರ್ಷ ಮುಂಚೆ ಪದವಿ ಮುಗಿದಿರಬೇಕು, ಕ್ಷೇತ್ರದೊಳಗೆ ಸಾಮಾನ್ಯವಾಗಿ ವಾಸವಿರಬೇಕು. ಮೂರು ವರ್ಷವನ್ನು ಘಟಿಕೋತ್ಸವದಿಂದ ಎಣಿಸುವುದಲ್ಲ, ಕೊನೆಯ ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನದಿಂದ. 2022ರ ಬ್ಯಾಚಿನವರ ವಿಷಯದಲ್ಲಿ ಎಚ್ಚರ. ಕೋವಿಡ್‌ನಿಂದ ಸೆಮಿಸ್ಟರ್‌ಗಳು ಮುಂದಕ್ಕೆ ಹೋಗಿದ್ದ ಸಾಲು ಅದು, ಫಲಿತಾಂಶದ ತಾರೀಖು ನೋಡದೆ ಫಾರಂ ತುಂಬಿಸಬೇಡಿ. ಪದವಿ ಭಾರತದ ಯಾವ ವಿಶ್ವವಿದ್ಯಾಲಯದ್ದಾದರೂ ಸರಿ. ಪಾವಗಡದ ಕಡೆಯವರು ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಓದಿದ್ದರೆ ಅದೂ ನಡೆಯುತ್ತದೆ. ತುಮಕೂರು ವಿಶ್ವವಿದ್ಯಾಲಯ ಶುರುವಾಗಿದ್ದೇ 2004ರಲ್ಲಿ, ಅದಕ್ಕೂ ಮುಂಚೆ ನಮ್ಮ ಜಿಲ್ಲೆಯಲ್ಲಿ ಓದಿದ ಹಿರಿಯರದ್ದು ಬೆಂಗಳೂರು ವಿಶ್ವವಿದ್ಯಾಲಯದ ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಯಾರೂ ಗಾಬರಿಯಾಗಬೇಕಿಲ್ಲ.

ಫಾರಂ ಜೊತೆ ಪದವಿ ಪ್ರಮಾಣಪತ್ರ ಅಥವಾ ಅಂತಿಮ ಅಂಕಪಟ್ಟಿಯ ದೃಢೀಕರಿಸಿದ ಜೆರಾಕ್ಸ್, ಫೋಟೊ, ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ, ವಿಳಾಸಕ್ಕೊಂದು ದಾಖಲೆ ಇರಲಿ. ದೃಢೀಕರಣವನ್ನು ಗೆಜೆಟೆಡ್ ಅಧಿಕಾರಿ ಅಥವಾ ನೋಟರಿ ಮಾಡಬಹುದು. ಸಹಿಯ ಕೆಳಗೆ ಹೆಸರು, ಹುದ್ದೆ, ಮೊಹರು ಮೂರೂ ಓದುವಂತೆ ಬಿದ್ದಿರಬೇಕು. ಇಂಕು ಆರಿದ ಪ್ಯಾಡಿನಲ್ಲಿ ಒತ್ತಿದ ಮಸುಕು ಮೊಹರು ಅರ್ಜಿ ವಾಪಸ್ ಬರಲು ಸಾಕಷ್ಟು ಕಾರಣವಾಗುತ್ತದೆ. ಅರ್ಜಿಯನ್ನು ನಿಮ್ಮ ತಾಲ್ಲೂಕಿನ ತಹಶೀಲ್ದಾರ್ ಕಚೇರಿಯಲ್ಲಿ ಕೊಟ್ಟು, ಕೆಳಗಿನ ಸ್ವೀಕೃತಿ ಚೀಟಿ ಹರಿಸಿಕೊಂಡು ಫೋನಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಹೆಸರು ಬಿಟ್ಟುಹೋದರೆ ಜಗಳ ಮಾಡಲು ಕೈಯಲ್ಲಿರುವುದು ಅದೊಂದೇ ಚೀಟಿ.

ಹೊಸ ತಂಡಗಳೆಲ್ಲ ಎಡವುವುದು ಮುಂದಿನ ವಿಷಯದಲ್ಲಿ. ನೀವು ಮನೆಮನೆಗೆ ಹೋಗಿ ಇನ್ನೂರು ಫಾರಂ ತುಂಬಿಸಿ, ಕಟ್ಟು ಕಟ್ಟಿ ತಂದು ಮೇಜಿನ ಮೇಲಿಟ್ಟರೆ ತೆಗೆದುಕೊಳ್ಳುವ ಹಾಗಿಲ್ಲ. ನೇರವಾಗಿ ತಂದರೂ ಅಂಚೆಯಲ್ಲಿ ಕಳಿಸಿದರೂ ಸಗಟು ಅರ್ಜಿಗಳನ್ನು ಪರಿಗಣಿಸಬಾರದು ಅಂತ ಚುನಾವಣಾ ಆಯೋಗದ ಸೂಚನೆ ಇದೆ. ಎರಡು ವಿನಾಯಿತಿ ಇವೆ. ಒಂದು ಮನೆಯವರ ಪೈಕಿ ಒಬ್ಬರು ಉಳಿದವರ ಅರ್ಜಿಗಳನ್ನು ಮೂಲ ದಾಖಲೆ ತೋರಿಸಿ ಕೊಡಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನು ಒಟ್ಟಿಗೆ ಕಳಿಸಬಹುದು. ಹಾಗಾಗಿ ನಿಮ್ಮವರ ಕೆಲಸ ಫಾರಂ ತುಂಬಲು ಕೂರುವುದು, ತಪ್ಪು ತಿದ್ದುವುದು, ಜೆರಾಕ್ಸ್ ಮಾಡಿಸುವುದು, ಕಚೇರಿ ಬಾಗಿಲವರೆಗೆ ಬಿಡುವುದು. ಕೊಡುವುದು ಮಾತ್ರ ಮತದಾರರೇ ಅಥವಾ ಅವರ ಮನೆಯವರೇ. ಕಾಲೇಜು, ಪ್ರೌಢಶಾಲೆ, ಸಹಕಾರಿ ಬ್ಯಾಂಕು ಇರುವ ಕಡೆ ಪ್ರಾಂಶುಪಾಲರನ್ನೋ ವ್ಯವಸ್ಥಾಪಕರನ್ನೋ ಒಪ್ಪಿಸಿದರೆ ಒಂದೇ ಬಾರಿಗೆ ಮೂವತ್ತು ನಲವತ್ತು ಅರ್ಜಿ ಒಳಗೆ ಹೋಗುತ್ತವೆ. ಶಿಕ್ಷಕರು ಮನೆಮನೆಯ ಜಾತಿ ಸಮೀಕ್ಷೆ ಮುಗಿಸಿ ಈಗಷ್ಟೇ ಉಸಿರು ಬಿಡುತ್ತಿದ್ದಾರೆ, ಶಾಲೆ ತೆರೆದ ಮೊದಲ ವಾರದಲ್ಲೇ ಅವರನ್ನು ಕಾಣಿ.

ದಿನಗಳ ಲೆಕ್ಕವೂ ನೋಡಿ. 20 ನರಕ ಚತುರ್ದಶಿ, 22 ಬಲಿಪಾಡ್ಯಮಿ, ಕಚೇರಿ ಇಲ್ಲ. ನವೆಂಬರ್ 1 ರಾಜ್ಯೋತ್ಸವ, 2 ಭಾನುವಾರ. ಆಮೇಲೆ ಉಳಿಯುವುದು ಸೋಮವಾರದಿಂದ ಗುರುವಾರದವರೆಗೆ ನಾಲ್ಕೇ ದಿನ, ಆ ನಾಲ್ಕು ದಿನ ಕೌಂಟರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಬ್ಬಕ್ಕೆ ಊರಿಗೆ ಬಂದವರ ಸರ್ಟಿಫಿಕೇಟ್ ಜೆರಾಕ್ಸ್ ಹಬ್ಬದಲ್ಲೇ ತೆಗೆದಿಟ್ಟುಕೊಳ್ಳಿ.

ಶೆಟ್ಟಿಹಳ್ಳಿ ಗೇಟ್ (ತುಮಕೂರು), ಅಕ್ಟೋಬರ್ 19

ತುಂಬ ಉಪಕಾರ ಆಯ್ತು ಸರ್. ಎರಡು ಅನುಮಾನ. ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುವವರು ನಮ್ಮ ಬಡಾವಣೆಯಲ್ಲಿ ಮನೆಗೊಬ್ಬರಿದ್ದಾರೆ. ಅವರು ಎಲ್ಲಿಯ ಮತದಾರರು? ಇನ್ನೊಂದು, ಮದುವೆಯಾದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳದ್ದು.

ಕೋಟೆ ಬೀದಿ (ಸಿರಾ), ಅಕ್ಟೋಬರ್ 19

ರಾತ್ರಿ ಮಲಗುವ ಮನೆ ಯಾವ ಊರಲ್ಲಿದೆಯೋ ಅಲ್ಲಿಯವರು. ರೈಲಿನಲ್ಲಿ ಓಡಾಡುವವರು ತುಮಕೂರಿನವರೇ. ಕೆಲಸದ ಜಾಗ ಲೆಕ್ಕಕ್ಕಿಲ್ಲ. ಆದರೆ ಬೆಂಗಳೂರಲ್ಲೇ ಸಂಸಾರ ಹೂಡಿ, ಯುಗಾದಿಗೂ ಊರಹಬ್ಬಕ್ಕೂ ಮಾತ್ರ ಊರಿಗೆ ಬರುವವರನ್ನು ಇಲ್ಲಿ ಸೇರಿಸಬೇಡಿ. ಅವರದ್ದು ಬೆಂಗಳೂರು ಪದವೀಧರ ಕ್ಷೇತ್ರ. ಫಾರಂನಲ್ಲಿ ಸುಳ್ಳು ಘೋಷಣೆ ಮಾಡಿದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಸುಧಾರಣೆ ಅಂತ ಹೊರಟವರು ನಾಲ್ಕು ಸುಳ್ಳು ಹೆಸರು ಸೇರಿಸಿದರೆ ಎದುರಾಳಿಗೆ ಬೇರೆ ಅಸ್ತ್ರವೇ ಬೇಡ.

ಹೆಣ್ಣುಮಕ್ಕಳ ವಿಷಯ: ಸರ್ಟಿಫಿಕೇಟಿನಲ್ಲಿ ತಂದೆಯ ಇನಿಷಿಯಲ್, ಎಪಿಕ್ಕಿನಲ್ಲಿ ಗಂಡನ ಹೆಸರು ಇರುತ್ತದೆ. ಅರ್ಜಿಯಲ್ಲಿ ಎಪಿಕ್ಕಿನಲ್ಲಿರುವ ಹಾಗೇ ಹೆಸರು ಬರೆಸಿ, ಎರಡೂ ಒಬ್ಬರೇ ಅಂತ ತೋರಿಸಲು ಮದುವೆ ನೋಂದಣಿ ಪತ್ರ ಅಥವಾ ನೋಟರಿ ಅಫಿಡವಿಟ್ ಲಗತ್ತಿಸಿ. ಅದಿಲ್ಲದೆಯೂ ಕೆಲವು ಕಡೆ ಒಪ್ಪುತ್ತಾರೆ, ಆದರೆ ಅದನ್ನೇ ನಂಬಿ ಕೂರಬೇಡಿ. ಮನೆಯಲ್ಲಿರುವ ಪದವೀಧರ ಹೆಣ್ಣುಮಕ್ಕಳನ್ನು ಕೇಳುವವರೇ ಕಡಿಮೆ. ಗಂಡಸರ ಫಾರಂ ಮಾತ್ರ ತುಂಬಿಸಿಕೊಂಡು ಬರುವ ತಂಡ ಅರ್ಧ ಮತವನ್ನು ಹೊಸ್ತಿಲಲ್ಲೇ ಬಿಟ್ಟು ಬಂದ ಹಾಗೆ.

ಅಂತರಗಂಗೆ (ಕೋಲಾರ), ಅಕ್ಟೋಬರ್ 20

ಮೇಲಿನವರು ಪಟ್ಟಿಯ ವಿಷಯ ಪೂರ್ತಿ ಹೇಳಿದ್ದಾರೆ. ನಾನು ಅಭ್ಯರ್ಥಿ ಮತ್ತು ಖರ್ಚಿನ ಕಡೆಯದ್ದು ಹೇಳುತ್ತೇನೆ.

ಪಕ್ಷೇತರರ ನಾಮಪತ್ರಕ್ಕೆ ಇದೇ ಕ್ಷೇತ್ರದ ಪಟ್ಟಿಯಲ್ಲಿರುವ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಗಮನಿಸಿ, ಪದವೀಧರ ಪಟ್ಟಿಯಲ್ಲಿರುವವರು, ವಿಧಾನಸಭೆ ಪಟ್ಟಿಯವರಲ್ಲ. ಒಂದೇ ನಾಮಪತ್ರಕ್ಕೆ ಹತ್ತು ಸಹಿ ಮಾಡಿಸಿ ಸುಮ್ಮನಾದರೆ, ಅದರಲ್ಲೊಬ್ಬರ ಕ್ರಮಸಂಖ್ಯೆ ತಪ್ಪಿ ನಾಮಪತ್ರ ಬಿದ್ದರೆ ಆರು ವರ್ಷ ಕಾಯಬೇಕು. ಒಬ್ಬ ಅಭ್ಯರ್ಥಿ ಒಂದಕ್ಕಿಂತ ಹೆಚ್ಚು ನಾಮಪತ್ರ ಸಲ್ಲಿಸಬಹುದು, ಎರಡನೇ ಸೆಟ್ಟಿಗೆ ಬೇರೆ ಹತ್ತು ಜನರ ಸಹಿ ಮಾಡಿಸಿ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಅಭ್ಯರ್ಥಿಗೆ 30 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿರಬೇಕು. ಅಭ್ಯರ್ಥಿ ಪದವೀಧರರೇ ಆಗಿರಬೇಕು ಅನ್ನುವ ನಿಯಮ ಇಲ್ಲ, 1972ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ತೀರ್ಮಾನಿಸಿದೆ.

ಲೋಕಸಭೆ, ವಿಧಾನಸಭೆಗಿರುವ ಹಾಗೆ ಪರಿಷತ್ ಚುನಾವಣೆಗೆ ಕಾನೂನಿನಲ್ಲಿ ಖರ್ಚಿನ ಮಿತಿ ಇಲ್ಲ. ಎದುರಿನವರು ಎಷ್ಟು ಸುರಿದರೂ ಆ ಒಂದು ಕಾರಣಕ್ಕೆ ಅವರನ್ನು ಹಿಡಿಯಲು ಆಗುವುದಿಲ್ಲ. ಅದಕ್ಕೇ ನಿಮ್ಮ ಅಭ್ಯರ್ಥಿ ಲೆಕ್ಕ ತಾವಾಗಿ ಬಹಿರಂಗ ಮಾಡಲಿ, ವಾರಕ್ಕೊಮ್ಮೆ, ಬಂದ ದೇಣಿಗೆ ಮತ್ತು ಹೋದ ಖರ್ಚು ಎರಡೂ. ಶಾಸಕರ ನಿಧಿಯ ಲೆಕ್ಕ ಬಹಿರಂಗ ಆಗಬೇಕು ಅನ್ನುವವರು ಮೊದಲು ತಮ್ಮ ಡೀಸೆಲ್ ಬಿಲ್ಲು ತೋರಿಸಬೇಕು. ಮಿತಿ ಇಲ್ಲ ಅಂದಮಾತ್ರಕ್ಕೆ ಲಂಚಕ್ಕೆ ರಹದಾರಿ ಇಲ್ಲ. ಮತಕ್ಕಾಗಿ ಉಡುಗೊರೆ, ಹಣ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಲ್ಲಿ ಅಪರಾಧ, 173ರಲ್ಲಿ ಅದಕ್ಕೆ ಒಂದು ವರ್ಷದವರೆಗೆ ಶಿಕ್ಷೆ. ತೆಗೆದುಕೊಳ್ಳುವವರಿಗೂ ಅದೇ.

ನಿಮ್ಮ ಇಪ್ಪತ್ತು ಜನರಿಗೇ ತಾಗುವ ಇನ್ನೊಂದು ಕಲಮಿದೆ, 176. ನಾಮಪತ್ರ ಸಲ್ಲಿಕೆಯಾದ ಮೇಲೆ ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಅವರ ಪರವಾಗಿ ಸಭೆಗೋ ಜಾಹೀರಾತಿಗೋ ಕರಪತ್ರಕ್ಕೋ ಖರ್ಚು ಮಾಡಿದರೆ 10,000 ರೂಪಾಯಿವರೆಗೆ ದಂಡ. ಅಭಿಮಾನಕ್ಕೆ ಫ್ಲೆಕ್ಸ್ ಹಾಕಿಸುವವರಿಗೆ ಇದು ಗೊತ್ತೇ ಇರುವುದಿಲ್ಲ. ಒಂದು ಹಾಳೆಯಲ್ಲಿ ಅನುಮತಿ ಬರೆಸಿ ಸಹಿ ಹಾಕಿಸಿಟ್ಟುಕೊಳ್ಳಿ. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರು ತಮ್ಮ ಗುರುತಿನ ಘೋಷಣೆಯನ್ನು ಎರಡು ಪ್ರತಿ ಬರೆದು, ತಮ್ಮನ್ನು ಬಲ್ಲ ಇಬ್ಬರಿಂದ ದೃಢೀಕರಿಸಿ ಪ್ರೆಸ್ಸಿಗೆ ಕೊಡಬೇಕು. ಇದನ್ನು ಕೇಳದೆ ಅಚ್ಚು ಹಾಕಿಕೊಡುವ ಪ್ರೆಸ್ಸಿನ ಸಹವಾಸ ಬೇಡ, ತಪ್ಪಿದರೆ ಆರು ತಿಂಗಳವರೆಗೆ ಸಜೆ ಇದೆ.

ಸರ್ಕಾರಿ ನೌಕರರು ಮತ ಹಾಕಬಹುದು, ಪ್ರಚಾರ ಮಾಡುವ ಹಾಗಿಲ್ಲ. ಏಜೆಂಟ್ ಆಗಿ ಕೂತರಂತೂ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಪ್ರಕಾರ ಮೂರು ತಿಂಗಳವರೆಗೆ ಜೈಲಿಗೆ ದಾರಿ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರಿದ್ದರೆ ಅವರ ಹೆಸರಿನಲ್ಲಿ ಪೋಸ್ಟ್ ಹಾಕಿಸಬೇಡಿ. ನಿಮ್ಮ ಉತ್ಸಾಹಕ್ಕೆ ಅವರ ಕೆಲಸ ಹೋಗಬಾರದು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ), ಅಕ್ಟೋಬರ್ 21

ಪ್ರಾಶಸ್ತ್ಯ ಮತದ ಪ್ರಶ್ನೆಗೆ ಯಾರೂ ಇನ್ನೂ ಕೈ ಹಾಕಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಸಾವಧಾನವಾಗಿ ಓದಿ.

ಮೊದಲು ಮತಪತ್ರ ನೋಡೋಣ. ಇಲ್ಲಿ ಯಂತ್ರ ಇಲ್ಲ, ಕಾಗದ. ಮತಪತ್ರದ ಮೇಲೆ ಪಕ್ಷದ ಚಿಹ್ನೆ ಇರುವುದಿಲ್ಲ. ಕ್ರಮಸಂಖ್ಯೆ, ಹೆಸರು, ಪಕ್ಷ ಅಥವಾ ಪಕ್ಷೇತರ ಅನ್ನುವ ವಿವರ, ಫೋಟೊ, ಪಕ್ಕದಲ್ಲಿ ಒಂದು ಖಾಲಿ ಚೌಕ. ಪಕ್ಷೇತರರಿಗೆ ಇದು ಅನುಕೂಲ, ಏಕೆಂದರೆ ಚಿಹ್ನೆ ನೋಡಿ ಕೈ ಹೋಗುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಆದರೆ ಅದೇ ಹೆಸರಿನ ಇನ್ನೊಬ್ಬರನ್ನು ನಿಲ್ಲಿಸಿಬಿಟ್ಟರೆ ಜನ ಗಲಿಬಿಲಿಯಾಗುತ್ತಾರೆ. ಅಂತಿಮ ಕಣದ ಪಟ್ಟಿ ಬಂದ ಕೂಡಲೇ ಕ್ರಮಸಂಖ್ಯೆ ಮತ್ತು ಮತಪತ್ರದಲ್ಲಿ ಬರುವ ಅದೇ ಫೋಟೊ ಎರಡನ್ನೂ ಜೋಡಿಸಿಯೇ ಪ್ರಚಾರ ಮಾಡಿ. ನಾಮಪತ್ರಕ್ಕೆ ಕನ್ನಡಕ ಹಾಕಿದ ಫೋಟೊ ಕೊಟ್ಟು, ಕರಪತ್ರದಲ್ಲಿ ಹತ್ತು ವರ್ಷದ ಹಿಂದಿನ ಪೇಟ ತೊಟ್ಟ ಫೋಟೊ ಹಾಕಿದರೆ ಪ್ರಯೋಜನ ಇಲ್ಲ.

ಮತಗಟ್ಟೆಯಲ್ಲಿ ಮತಪತ್ರದ ಜೊತೆ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಬರೆಯುವುದು ಅದರಲ್ಲೇ. ಜೇಬಿನಲ್ಲಿರುವ ಬಾಲ್‌ಪೆನ್ನಿನಿಂದ ಬರೆದರೆ ಮತ ಅಸಿಂಧು. ಪದವೀಧರರ ಜೇಬಿನಲ್ಲಿ ಪೆನ್ನು ಇದ್ದೇ ಇರುತ್ತದೆ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಅದನ್ನು ಎರಡೆರಡು ಸಲ ಹೇಳಿ. ನಿಮ್ಮ ಅಭ್ಯರ್ಥಿಯ ಮುಂದಿನ ಚೌಕದ ನಟ್ಟನಡುವೆ 1 ಅಂತ ಬರೆಯಬೇಕು. ಟಿಕ್ ಹಾಕಿದರೆ, ಗುಣಾಕಾರದ ಗುರುತು ಹಾಕಿದರೆ, "ಒಂದು" ಅಂತ ಅಕ್ಷರದಲ್ಲಿ ಬರೆದರೆ ಮತ ಹೋಯಿತು. 1 ಎರಡು ಹೆಸರುಗಳ ನಡುವಿನ ಗೆರೆಯ ಮೇಲೆ ಕೂತರೆ ಯಾರಿಗೆ ಅಂತ ಅನುಮಾನ ಬರುತ್ತದೆ, ಹೋಯಿತು. ಒಬ್ಬರ ಮುಂದೆಯೇ 1 ಮತ್ತು 2 ಎರಡೂ ಬರೆದರೆ, ಇಬ್ಬರ ಮುಂದೆ 1 ಬರೆದರೆ, ಸಹಿ ಅಥವಾ ಹೆಸರು ಅಥವಾ ಒಂದು ಘೋಷಣೆ ಬರೆದರೆ, ಎಲ್ಲವೂ ಅಸಿಂಧು. ಸಹಿ ಹಾಕುವ ಅಭ್ಯಾಸ ಅಧಿಕಾರಿಗಳಿಗೆ ಹೆಚ್ಚು. ಬರೆದು ಮುಗಿಸಿ ಕೆಳಗೆ ಒಂದು ಇನಿಷಿಯಲ್ ಎಳೆದುಬಿಡುತ್ತಾರೆ.

ಕನ್ನಡ ಅಂಕಿ ೧, ೨ ಬರೆದರೂ ಸಿಂಧು, ರೋಮನ್ ಅಂಕಿಯೂ ನಡೆಯುತ್ತದೆ. ಆದರೂ ನನ್ನ ಸಲಹೆ 1 ಅಂತಲೇ, ನೆಟ್ಟಗೆ ಒಂದು ಗೆರೆ ಎಳೆಯಿರಿ ಅಂತ ಹೇಳಿ. ೧ ಅವಸರದಲ್ಲಿ ಸುತ್ತಿದರೆ ಸೊನ್ನೆಯ ಹಾಗೆ ಕಾಣುತ್ತದೆ, 1ಕ್ಕೆ ತಲೆಯ ಮೇಲೆ ಉದ್ದ ಕೊಕ್ಕೆ ಇಟ್ಟರೆ 7 ಆಗುತ್ತದೆ. ಎಣಿಕೆಯ ಮೇಜಿನ ಮೇಲೆ ನಡುರಾತ್ರಿ ಆ ಕೊಕ್ಕೆಗೆ ಜಗಳ ಬೇಡ.

ಈಗ ಎಣಿಕೆ. ಸಿಂಧುವಾದ ಮತಗಳನ್ನು ಎರಡರಿಂದ ಭಾಗಿಸಿ, ಶೇಷ ಬಿಟ್ಟು, ಒಂದು ಸೇರಿಸಿದರೆ ಗೆಲುವಿನ ಕೋಟಾ. ಮೊದಲ ಪ್ರಾಶಸ್ತ್ಯದಲ್ಲೇ ಯಾರಾದರೂ ಅಷ್ಟು ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಅತಿ ಕಡಿಮೆ ಪಡೆದವರನ್ನು ಕಣದಿಂದ ತೆಗೆದು, ಅವರ ಮತಪತ್ರಗಳಲ್ಲಿ 2 ಯಾರಿಗಿದೆ ನೋಡಿ ಅವರಿಗೆ ಸೇರಿಸುತ್ತಾರೆ. 2 ಬರೆದವರು ಆಗಲೇ ಕಣದಿಂದ ಹೋಗಿದ್ದರೆ 3 ನೋಡುತ್ತಾರೆ. ಹೀಗೆ ಒಬ್ಬರು ಕೋಟಾ ಮುಟ್ಟುವವರೆಗೆ ಅಥವಾ ಕಣದಲ್ಲಿ ಒಬ್ಬರೇ ಉಳಿಯುವವರೆಗೆ ನಡೆಯುತ್ತದೆ. ಮುಂದೆ ಅಂಕಿಯೇ ಇಲ್ಲದ ಮತಪತ್ರ ಪಕ್ಕಕ್ಕೆ ಹೋಗುತ್ತದೆ.

ಊಹೆಯ ಲೆಕ್ಕ ಒಂದು ಹಾಕುತ್ತೇನೆ. ಸಿಂಧು ಮತ 48,000, ಕೋಟಾ 24,001. ಒಂದು ದೊಡ್ಡ ಪಕ್ಷಕ್ಕೆ 19,000, ನಿಮ್ಮ ಪಕ್ಷೇತರರಿಗೆ 13,000, ಇನ್ನೊಂದು ದೊಡ್ಡ ಪಕ್ಷಕ್ಕೆ 12,500, ಚಿಲ್ಲರೆ ಅಭ್ಯರ್ಥಿಗಳೆಲ್ಲ ಸೇರಿ 3,500. ಚಿಲ್ಲರೆಯವರು ಒಬ್ಬೊಬ್ಬರಾಗಿ ಹೋಗುತ್ತಾರೆ. ಅವರ 3,500ರಲ್ಲಿ 800 ಮೊದಲನೆಯವರಿಗೆ, 1,200 ನಿಮಗೆ, 700 ಇನ್ನೊಂದು ಪಕ್ಷಕ್ಕೆ, 800ರಲ್ಲಿ ಮುಂದಿನ ಅಂಕಿ ಇಲ್ಲ. ಈಗ 19,800, 14,200, 13,200. ಕೋಟಾ ಯಾರೂ ಮುಟ್ಟಿಲ್ಲ, 13,200ರವರು ಹೊರಗೆ. ಅವರ ಮತಪತ್ರಗಳಲ್ಲಿ 2,500ರಲ್ಲಿ ಮುಂದಿನ ಅಂಕಿ ಮೊದಲನೆಯವರಿಗೆ, 6,700ರಲ್ಲಿ ನಿಮಗೆ, 4,000ರಲ್ಲಿ ಏನೂ ಇಲ್ಲ. ಕೊನೆಗೆ 22,300ಕ್ಕೆ 20,900. ನೀವು ಸೋತಿರಿ. ಆ 4,000 ಖಾಲಿ ಮತಪತ್ರಗಳಲ್ಲಿ 1,500 ಜನ ನಿಮಗೆ 2 ಬರೆದಿದ್ದರೆ 22,400 ಆಗಿ ನೀವು ಗೆಲ್ಲುತ್ತಿದ್ದಿರಿ, ಕೋಟಾ ಮುಟ್ಟದೆಯೇ, ಕೊನೆಗೆ ಉಳಿದ ಒಬ್ಬರಾಗಿ.

ಇದೇ ಲೆಕ್ಕದಲ್ಲಿ ಇನ್ನೊಂದು ಅಂಶ ಇದೆ. ನಿಮಗೆ ಮೊದಲ ಪ್ರಾಶಸ್ತ್ಯ 13,000ದ ಬದಲು 11,700 ಬಂದಿದ್ದರೆ, ಚಿಲ್ಲರೆಯವರ 1,200 ಸೇರಿ 12,900. ಆಗ 13,200ರವರಿಗಿಂತ ಮೊದಲೇ ನೀವು ಹೊರಬೀಳುತ್ತೀರಿ. ಎಷ್ಟು ಸಾವಿರ ಜನ ನಿಮಗೆ 2 ಬರೆದಿದ್ದರೂ ಆ ಮತಪತ್ರಗಳನ್ನು ನಿಮಗಾಗಿ ಯಾರೂ ತೆರೆಯುವುದಿಲ್ಲ. ಹಾಗಾಗಿ ನಿಮ್ಮ ಜನರಿಗೆ 1, 1, 1 ಅಂತಲೇ ಹೇಳಿ. 2 ಕೇಳಬೇಕಾದ್ದು ಬೇರೆಯವರ ಬೆಂಬಲಿಗರ ಹತ್ತಿರ. "ನಿಮ್ಮ 1 ನಿಮ್ಮವರಿಗೇ ಇರಲಿ ಅಣ್ಣ, 2 ನಮಗೆ ಕೊಡಿ" ಅಂದರೆ ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ.

ಬಂಗಾರಪೇಟೆ ಲೈನ್, ಅಕ್ಟೋಬರ್ 21

ಒಂದು ಮಾತು ಒಪ್ಪಲಾಗುತ್ತಿಲ್ಲ. ಟಿಕೆಟ್ ಕೊಡದೆ ಕೈಬಿಟ್ಟ ಪಕ್ಷದ ಬೆಂಬಲಿಗರ ಮನೆಗೆ ಹೋಗಿ 2 ಕೇಳುವುದು ಸುಧಾರಣೆಯಾ? ನಾಳೆ ಅವರೂ ನಮ್ಮವರ ಹತ್ತಿರ 2 ಕೇಳುತ್ತಾರೆ. ನಾವು 2 ಬರೆದರೆ ನಮ್ಮ 1ರ ಬಲ ಕಡಿಮೆಯಾಗುವುದಿಲ್ಲವಾ? 1 ಮಾತ್ರ ಬರೆದು ಬನ್ನಿ ಅಂತ ಹೇಳುವುದೇ ಮೇಲು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ), ಅಕ್ಟೋಬರ್ 21

ಬಲ ಕಡಿಮೆಯಾಗುವುದಿಲ್ಲ. ನೀವು ಬರೆದ 2 ತೆರೆಯುವುದು ನಿಮ್ಮ 1 ಕಣದಿಂದ ಹೋದ ಮೇಲೆ ಮಾತ್ರ. ಅವರು ಕಣದಲ್ಲಿರುವಷ್ಟು ಹೊತ್ತು ನಿಮ್ಮ 2 ಯಾರಿಗೂ ಸೇರುವುದಿಲ್ಲ, ಮತಪತ್ರದ ಬೆಲೆ ಯಾವ ಸುತ್ತಿನಲ್ಲೂ ಒಂದೇ. 1 ಮಾತ್ರ ಬರೆದರೂ ಮತ ಸಿಂಧು, ಅದು ಮತದಾರರ ಇಷ್ಟ. ಆದರೆ ಅಂಕಿ ಬಿಟ್ಟು ಬರೆಯಬಾರದು. 1 ಆದಮೇಲೆ 2 ಬಿಟ್ಟು 3 ಬರೆದರೆ ಮತ ಅಸಿಂಧು ಆಗುವುದಿಲ್ಲ, 1 ನಿಲ್ಲುತ್ತದೆ, ಆ 3 ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರಿಗೆ 2 ಬರೆದರೂ ಹಾಗೇ.

2 ಕೇಳುವುದು ಒಳಒಪ್ಪಂದ ಅಲ್ಲ. ಅಭ್ಯರ್ಥಿಗಳು ತಾವು ತಾವೇ ಕೂತು "ನಿಂದು ನಂಗೆ, ನಂದು ನಿಂಗೆ" ಅಂತ ಮಾಡಿಕೊಳ್ಳುವುದು ಬೇರೆ. ಮತದಾರರ ಮನೆ ಬಾಗಿಲಲ್ಲಿ ನಿಂತು ಬಹಿರಂಗವಾಗಿ ಕೇಳುವುದು ಬೇರೆ. ಇನ್ನೊಂದು ಪಕ್ಷದಲ್ಲೂ ನೇಮಕಾತಿ ಪರೀಕ್ಷೆಯಿಂದ ಸುಸ್ತಾದ ಹುಡುಗರಿದ್ದಾರೆ, ಸಂಬಳಕ್ಕೆ ಕಾದು ಕೂತ ಅತಿಥಿ ಉಪನ್ಯಾಸಕರಿದ್ದಾರೆ. ಜಾತಿಗೋ ನಂಟಿಗೋ ಅವರ 1 ಬೇರೆ ಕಡೆ ಹೋಗಿರಬಹುದು. ಅವರ 2 ಕೇಳಲು ನಾಚಿಕೊಂಡರೆ ಮೇಲಿನ ಲೆಕ್ಕದ 4,000 ಮತಪತ್ರ ಖಾಲಿಯಾಗಿಯೇ ಉಳಿಯುತ್ತವೆ.

ಅಂತರಗಂಗೆ (ಕೋಲಾರ), ಅಕ್ಟೋಬರ್ 22

ಎಣಿಕೆಯ ದಿನದ ಬಗ್ಗೆ ಸೇರಿಸುತ್ತೇನೆ. ಕ್ಷೇತ್ರ ಅಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಜೊತೆಗೆ ದಾವಣಗೆರೆಯ ಒಂದು ಭಾಗ. ಎಲ್ಲ ಕಡೆಯ ಪೆಟ್ಟಿಗೆಗಳು ಒಂದೇ ಕಡೆ ಬರುತ್ತವೆ. ಕಾಗದ ಬಿಡಿಸಿ, ಬೆರೆಸಿ, ಕಟ್ಟು ಕಟ್ಟಿ, ಅಸಿಂಧು ತೆಗೆದು, ಆಮೇಲೆ ಸುತ್ತುಗಳು. ಬೆಳಗ್ಗೆ ಶುರುವಾದದ್ದು ಮಾರನೇ ದಿನಕ್ಕೆ ಹೋಗಬಹುದು. ಎಣಿಕೆ ಏಜೆಂಟರನ್ನು ಆರಿಸುವಾಗ ಗಂಟಲು ದೊಡ್ಡದಿದೆಯೇ ಅಂತ ನೋಡಬೇಡಿ. ಅಸಿಂಧು ನಿಯಮಗಳನ್ನು ಬಾಯಿಪಾಠ ಮಾಡಿಕೊಂಡು ರಾತ್ರಿ ಎರಡು ಗಂಟೆಗೂ ಕಣ್ಣು ತೆರೆದು ಕೂರುವವರು ಬೇಕು.

ಅವರು ಮಾಡಬೇಕಾದ್ದು ಎರಡು. ನಿಮ್ಮ ಅಭ್ಯರ್ಥಿಯ ಮತಪತ್ರವನ್ನು ಅನುಮಾನಾಸ್ಪದ ಅಂತ ಪಕ್ಕಕ್ಕಿಟ್ಟಾಗ, ತಿರಸ್ಕೃತ ಅಂತ ಬರೆಯುವ ಮೊದಲೇ ಚುನಾವಣಾಧಿಕಾರಿಗೆ ಕಾರಣ ಹೇಳಿ ಆಕ್ಷೇಪಿಸಬೇಕು. ಎರಡನೆಯದು ಮರುಎಣಿಕೆ. ಒಂದು ವರ್ಗಾವಣೆ ಮುಗಿದ ಮೇಲೆ ಅಥವಾ ಮುಂದಿನದು ಶುರುವಾಗುವ ಮುಂಚೆ ಕೇಳಬೇಕು. ಹಿಂದಿನ ಸುತ್ತಿನಲ್ಲಿ ಅಂತಿಮವಾಗಿ ಬದಿಗಿಟ್ಟ ಮತಪತ್ರಗಳನ್ನು ಆಮೇಲೆ ಕೇಳಿದರೆ ತೆರೆಯುವುದಿಲ್ಲ. ಮೂರನೇ ಸ್ಥಾನಕ್ಕೂ ಎರಡನೇ ಸ್ಥಾನಕ್ಕೂ ಅಂತರ ಕಡಿಮೆ ಇರುವ ಸುತ್ತಿನಲ್ಲೇ ಕೈ ಎತ್ತಿ. ಕೊನೆಯ ಸುತ್ತಿಗೆ ಅಂತ ಕಾದರೆ ಅಷ್ಟರಲ್ಲಿ ನಿಮ್ಮ ಅಭ್ಯರ್ಥಿ ಕಣದಲ್ಲೇ ಇರದಿರಬಹುದು.

ಶೆಟ್ಟಿಹಳ್ಳಿ ಗೇಟ್ (ತುಮಕೂರು), ಅಕ್ಟೋಬರ್ 22

ಎಲ್ಲರಿಗೂ ಶರಣು. ಹಬ್ಬ ಮುಗಿದ ಕೂಡಲೇ ಹತ್ತು ತಾಲ್ಲೂಕಿಗೆ ಇಬ್ಬಿಬ್ಬರನ್ನು ಹಂಚಿಕೊಂಡಿದ್ದೇವೆ. ನವೆಂಬರ್ 6 ತಪ್ಪಿಸಿಕೊಂಡವರಿಗೆ ದಾರಿ ಇದೆಯಾ?

ಕೋಟೆ ಬೀದಿ (ಸಿರಾ), ಅಕ್ಟೋಬರ್ 22

ಇದೆ, ಆದರೆ ಅದನ್ನು ಈಗಲೇ ಊರೆಲ್ಲ ಸಾರಬೇಡಿ, ಜನ ನಾಳೆ ನೋಡೋಣ ಅನ್ನುತ್ತಾರೆ. ಕರಡು ಪಟ್ಟಿ ನವೆಂಬರ್ 25ಕ್ಕೆ ಬರುತ್ತದೆ. ಡಿಸೆಂಬರ್ 10ರವರೆಗೆ ಹಕ್ಕು, ಆಕ್ಷೇಪಣೆಗೆ ಅವಕಾಶ, ಬಿಟ್ಟುಹೋದವರು ಆಗ ಫಾರಂ 18 ಕೊಡಬಹುದು. ಅಂತಿಮ ಪಟ್ಟಿ ಡಿಸೆಂಬರ್ 30. ಆಮೇಲೂ ಅರ್ಜಿ ಕೊಡಬಹುದು, ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಒಂದು ಹೆಸರೂ ಸೇರುವುದಿಲ್ಲ. ಅರ್ಜಿಯ ಪರಿಶೀಲನೆಗೂ ದಿನ ಬೇಕು, ಆ ಕೊನೆಯ ದಿನವನ್ನು ನೆಚ್ಚಿಕೊಳ್ಳಬೇಡಿ.

ಕರಡು ಬಂದ ದಿನ ಸ್ವೀಕೃತಿ ಚೀಟಿಗಳ ಫೋಟೊಗಳನ್ನು ತೆಗೆದುಕೊಂಡು ಕೂತು ಒಂದೊಂದೇ ಹೆಸರು ಪಟ್ಟಿಯಲ್ಲಿ ಗುರುತು ಹಾಕಿ. ಹೆಸರು ಇದ್ದರೂ ಯಾವ ಮತಗಟ್ಟೆಯ ಭಾಗಕ್ಕೆ ಬಿದ್ದಿದೆ ನೋಡಿ. ಈ ಚುನಾವಣೆಗೆ ಮತಗಟ್ಟೆಗಳು ಕಡಿಮೆ. ನಿಮ್ಮೂರ ಶಾಲೆಯಲ್ಲಿ ಮತ ಹಾಕಿ ಅಭ್ಯಾಸವಾದವರು ಆ ದಿನ ಅಲ್ಲಿಗೇ ಹೋಗಿ ಬೀಗ ನೋಡಿಕೊಂಡು ಬರುವುದುಂಟು. ಮತದ ದಿನ ಎಪಿಕ್ ಸಿಗದಿದ್ದರೆ ಪದವಿ ಪ್ರಮಾಣಪತ್ರದ ಮೂಲ ಪ್ರತಿಯೂ ಗುರುತಿಗೆ ನಡೆಯುತ್ತದೆ. ಫಾರಂ ತುಂಬಿಸುವಾಗ ಬೀರುವಿನಿಂದ ತೆಗೆದ ಆ ಸರ್ಟಿಫಿಕೇಟನ್ನು ಸುಲಭಕ್ಕೆ ಕೈಗೆ ಸಿಗುವ ಕಡೆ ಇಡಲು ಈಗಲೇ ಹೇಳಿಬಿಡಿ.